ಮಗಳ ಕೈಗೆ ಹೋದ ದೋಸೆ ಕಾವಲಿ

ನನ್ನ ದೋಸೆ ಕಾವಲಿಯನ್ನು ಬೇರೆಯವರು ಮುಟ್ಟಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ದೆಹಲಿಯ ಲಕ್ಷ್ಮೀ ನಗರದ ನಮ್ಮ ಹೋಟೆಲಿಗೆ ಎಷ್ಟೋ ಅಡುಗೆಯವರು ಬಂದರು, ಹೋದರು. ಬೆಳಿಗ್ಗೆ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾವಲಿ ತಿಕ್ಕುವ ಕೆಲಸ ಮಾತ್ರ ನನ್ನದೇ. ಇಪ್ಪತ್ತೆರಡು ವರ್ಷ ಹಾಗೆ ತಿಕ್ಕಿದೆ. ನಡು ತಗ್ಗಿ ಹಿಟ್ಟೆಲ್ಲ ಅಲ್ಲೇ ನಿಲ್ಲತೊಡಗಿದಾಗ ಹೊಸದು ತಂದೆ. ಹಳೆಯದನ್ನು ಗುಜರಿ ಕೊಳ್ಳುವ ಕಬಾಡಿಯವನಿಗೆ ಕೊಡಲು ಮನಸ್ಸು ಬರದೆ ಮಂಚದ ಕೆಳಗೆ ತಳ್ಳಿದ್ದೆ.

ಆರ್ಟ್ ಕಾಲೇಜಿನಲ್ಲಿ ಓದುವ ಮಗಳ ಕಣ್ಣು ಅದರ ಮೇಲೆ ಬಿತ್ತು. "ಅಪ್ಪಾ, ಅದು ನನ್ಗೆ ಕೊಡು, ಪ್ಲೀಸ್. ಎಕ್ಸಿಬಿಷನ್‌ಗೆ ಬೇಕು." ಹಳೆ ಸಾಮಾನುಗಳನ್ನೆಲ್ಲ ಒಟ್ಟಿಗೆ ಜೋಡಿಸಿ ಶಿಲ್ಪ ಮಾಡುತ್ತಾಳಂತೆ. ಗುಜರಿಯನ್ನು ಯಾರು ನೋಡ್ತಾರೆ ಮಾರಾಯ್ತಿ ಅಂದೆ. ಬಿಡಲಿಲ್ಲ.

"ತೂತು ಕೊರೀಬಾರ್ದು, ವೆಲ್ಡಿಂಗ್ ಮಾಡ್ಬಾರ್ದು, ತುಕ್ಕು ಹಿಡಿಸ್ಬಾರ್ದು. ಒಪ್ಪಿದ್ರೆ ತಗೊಂಡು ಹೋಗು."

"ಅಚ್ಛಾ ಅಪ್ಪಾ, ಪ್ರಾಮಿಸ್!"

ಕೊಟ್ಟೆ, ಸರಿ. ಆದರೆ ಉದ್ಘಾಟನೆಗೆ ಕರೆದಾಗ ಹೋಟೆಲಿನಲ್ಲಿ ರಶ್ಶು ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ನಿಜಕ್ಕೂ ಹೆದರಿಕೆ. ಆಗಸ್ಟ್ ತಿಂಗಳ ಸೆಕೆಯಲ್ಲಿ ಕಬ್ಬಿಣವನ್ನು ಎರಡು ದಿನ ಹಾಗೇ ಬಿಟ್ಟರೂ ಕೆಂಪಾಗುತ್ತದೆ. ಅದನ್ನು ಕಣ್ಣಾರೆ ನೋಡಿದ್ದರೆ ಹತ್ತು ಜನರ ಎದುರು ಮಗಳನ್ನು ಬೈದುಬಿಡುತ್ತಿದ್ದೆ. ನನ್ನ ಬಾಯಿ ನನಗೆ ಗೊತ್ತಿಲ್ಲವೇ?

ಹತ್ತು ದಿನ ತಡೆದುಕೊಂಡೆ. ಹನ್ನೊಂದನೆಯ ದಿನ ಮಧ್ಯಾಹ್ನ ಮೆಟ್ರೋ ಹಿಡಿದು ಎಕ್ಸಿಬಿಷನ್ ನಡೆಯುತ್ತಿದ್ದ ಲೋಧಿ ಕಾಲೋನಿಗೆ ಹೋದೆ.

ಗ್ಯಾಲರಿಯ ಬಾಗಿಲು ತಳ್ಳಿದೆನೋ ಇಲ್ಲವೋ, ಮೂಗಿಗೆ ಬಡಿಯಿತು ಈರುಳ್ಳಿ ವಾಸನೆ. ಅಯ್ಯೋ, ಎಸಿ ಹಾಕಿದ ಬಿಳಿ ಗೋಡೆಗಳ ನಡುವೆ ನನ್ನ ಬೆಳಗಿನ ಅಡುಗೆಮನೆ!

ಕಾವಲಿ ನಡುವೆ ಎದ್ದು ನಿಂತಿತ್ತು. ಸುತ್ತಲೂ ಮಾನೇಸರ್ ಕಾರ್ಖಾನೆಗಳ ಗುಜರಿಯ ಬೇರಿಂಗುಗಳು, ಜಜ್ಜಿದ ಸ್ಟೀಲ್ ಲೋಟಗಳು, ಹಿಡಿ ಮುರಿದ ನಮ್ಮದೇ ಸಟ್ಟುಗಗಳು. ನಾನು ಮೊದಲು ಹಿಂದೆ ಬಗ್ಗಿ ನೋಡಿದೆ. ತೂತಿಲ್ಲ, ಅಂಚನ್ನು ನಾಲ್ಕು ಕೊಕ್ಕೆಗಳು ಹಿಡಿದಿದ್ದವು. ವೆಲ್ಡಿಂಗ್ ಇಲ್ಲ. ಮುಂದೆ ಬಂದೆ. ತುಕ್ಕೂ ಇಲ್ಲ, ಕಪ್ಪಗೆ ಮಿರಮಿರ ಮಿನುಗುತ್ತಿತ್ತು.

"ದಿನಾ ಬೆಳಿಗ್ಗೆ ಬಂದು ತಿಕ್ತೀನಿ ಅಪ್ಪಾ," ಮಗಳು ಹಿಂದಿನಿಂದ ಬಂದಳು. "ನಿನ್ನ ಹಾಗೇ. ಮೊದ್ಲು ನಡು, ಆಮೇಲೆ ಅಂಚು."

ನಾನು ಅವಳಿಗೆ ಇದನ್ನು ಹೇಳಿಕೊಟ್ಟವನೇ ಅಲ್ಲ. ಚಿಕ್ಕವಳಿದ್ದಾಗ ಶಾಲೆಗೆ ಹೋಗುವ ಮುಂಚೆ ಹೋಟೆಲಿನ ಅಕ್ಕಿ ಮೂಟೆ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಪುಸ್ತಕ ನೋಡುತ್ತಿದ್ದಾಳೆ ಎಂದುಕೊಂಡಿದ್ದೆ.

ಅಂಚಿನಲ್ಲಿ ಎಣ್ಣೆ ಸ್ವಲ್ಪ ಇಳಿದಿತ್ತು. ಕೈ ತಾನಾಗಿ ಹೋಯಿತು. ಗಾರ್ಡ್ "ಮುಟ್ಟಬಾರದು!" ಎಂದು ಓಡಿಬಂದ.

"ಬಿಡಿ ಭಯ್ಯಾ, ತವಾ ಇವರದ್ದೇ. ನನ್ನಪ್ಪ," ಎಂದು ಮಗಳು ಹಿಂದಿಯಲ್ಲಿ ಜೋರಾಗಿಯೇ ಹೇಳಿದಳು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಎದೆ ಉಬ್ಬಿತು, ಅದರಲ್ಲಿ ಮುಚ್ಚಿಡುವುದೇನಿದೆ?

ಅವಳು ಚೀಲದಿಂದ ಡಬ್ಬಿ ತೆಗೆದಳು. ಎಣ್ಣೆಯಲ್ಲಿ ಅರ್ಧ ಈರುಳ್ಳಿ. "ಬಂದಿದ್ದೀಯಲ್ಲ, ಇವತ್ತು ನೀನೇ ತಿಕ್ಕು."

ಈರುಳ್ಳಿ ಎತ್ತಿಕೊಂಡೆ. ಕಾವಲಿ ನೋಡಿದೆ, ಅವಳ ಮುಖ ನೋಡಿದೆ. ಈರುಳ್ಳಿಯನ್ನು ತಿರುಗಿ ಅವಳ ಕೈಗೇ ಕೊಟ್ಟೆ.

"ಬೇಡ. ನಿನ್ನ ಕೈ ಕೂತಿದೆ. ನೀನೇ ತಿಕ್ಕು."

ಅವಳು ನಡುವಿನಿಂದ ಶುರು ಮಾಡಿದಳು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಗಾರ್ಡ್ ಇನ್ನೊಮ್ಮೆ ಹೇಳಬೇಕಾಗಲಿಲ್ಲ.