ಅಕ್ಕ ಕೇಳಿದ ಒಂದು ಪ್ರಶ್ನೆ

ನನ್ನಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಹಾಸ್ಟೆಲ್ಲಿನ ಶಾಲೆಯಲ್ಲಿ ಭಾರತೀಯ ಸಂಜ್ಞೆ ಭಾಷೆ ಕಲಿತು ಬಂದವಳು ನನ್ನ ತಲೆಗೆ ಮೊಟಕಿ ಮೊಟಕಿ ನನಗೂ ಕಲಿಸಿದಳು. ಹಾಗಾಗಿ ಬೆಳಕವಾಡಿಯ ನಮ್ಮ ಮನೆಗೆ ಗಂಡಿನವರು ಬಂದ ಸಂಜೆ ಅವಳ ಬಾಯಿ ನಾನೇ. ಹುಡುಗ ಮದ್ದೂರಿನವನು, ಅವನಿಗೂ ಕಿವಿ ಕೇಳುವುದಿಲ್ಲ, ಮಂಡ್ಯದಲ್ಲಿ ಹೊಲಿಗೆ ಕೆಲಸ. ಜೊತೆಗೆ ಅವನ ತಾಯಿ, ಸೋದರಮಾವ.

ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಹುಡುಗ, ಅಕ್ಕ ಇಬ್ಬರ ಕೈಗಳೂ ಬಿಡುವಿಲ್ಲದೆ ಆಡತೊಡಗಿದ್ದವು. ಆಗ ಕರೆಂಟು ಹೋಯಿತು. ಪಕ್ಕದ ಬ್ಲಫ್‌ನ ಜಲವಿದ್ಯುತ್ ಕೇಂದ್ರದಲ್ಲೇ ಕರೆಂಟು ಹುಟ್ಟುತ್ತದೆ. ದೀಪದ ಬುಡದಲ್ಲಿ ಕತ್ತಲೆ ಅಂತ ನಮ್ಮೂರನ್ನು ನೋಡಿಯೇ ಹೇಳಿರಬೇಕು. ಅವರಿಬ್ಬರ ಮಾತು ನಿಂತಿತು, ಹಿರಿಯರದು ನಿಲ್ಲಲಿಲ್ಲ. ಯಾವ ಛತ್ರ, ಎಷ್ಟು ಜನ, ಆಷಾಢಕ್ಕೆ ಮುಂಚೆಯೋ ಆಮೇಲೋ, ಎಲ್ಲ ಕತ್ತಲಲ್ಲೇ ತೀರ್ಮಾನವಾಗುತ್ತಾ ಹೋಯಿತು. ಛತ್ರ ಮಳವಳ್ಳಿಯಲ್ಲೇ ಇರಲಿ ಅಂತ ನಾನೂ ಬಾಯಿ ಹಾಕಿದೆ, ನನ್ನ ಬುದ್ಧಿಗಿಷ್ಟು! ಕತ್ತಲಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯದ ಅಕ್ಕ ನನ್ನ ಮೊಣಕೈ ಹಿಂಡಿದಳು. ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು.

"ಸುಮ್ಕಿರ್ರಪ್ಪ ಎಲ್ಲಾರೂವೆ. ಮದ್ವೆ ಆಗೋರು ಇನ್ನೂ ಮಾತು ಮುಗ್ಸಿಲ್ಲ," ಎಂದು ಮೊಬೈಲಿನ ಟಾರ್ಚನ್ನು ಅಕ್ಕನ ಕೈಗಳ ಮೇಲೆ ಬಿಟ್ಟೆ.

ಅಕ್ಕ ಹುಡುಗನನ್ನು ಕೇಳಿದ್ದು ಒಂದೇ. ನಿಮ್ಮಮ್ಮನಿಗೆ ಸಂಜ್ಞೆ ಬರುತ್ತಾ? ನೀವು ಕೆಲಸಕ್ಕೆ ಹೋದ ಮೇಲೆ ದಿನವಿಡೀ ನಾನು ಯಾರ ಹತ್ತಿರ ಮಾತಾಡಲಿ? ಟಾರ್ಚು ತನ್ನ ಕಡೆ ತಿರುಗಿದಾಗ ಅವನು ತಲೆ ತಗ್ಗಿಸಿದ. ಊಟ, ನೀರು, ಬಾ, ಹೋಗು, ಮನೆಯಲ್ಲಿ ಅಷ್ಟೇ ಎಂದ. ಹಾಗಾದರೆ ನಾನು ಒಲ್ಲೆ ಎಂದಳು ಅಕ್ಕ. ಎಲ್ಲವನ್ನೂ ನಾನು ಗಟ್ಟಿಯಾಗಿ ಹೇಳಿದೆ. ಹೆಣ್ಣು ಹೊಂದಿಕೊಂಡು ಹೋಗುತ್ತೆ ಬಿಡಿ ಎಂದು ಸೋದರಮಾವ ಶುರು ಮಾಡಿದರೆ ಹುಡುಗನ ತಾಯಿ ಅವರನ್ನು ತಡೆದು ನನ್ನ ಕಡೆ ತಿರುಗಿದರು.

"ನನ್ ಮಗ ಇಷ್ಟೊಂದ್ ಮಾತಾಡ್ತಾನೆ ಅಂತ ನಂಗೆ ಇವತ್ತೇ ಕಣವ್ವ ಗೊತ್ತಾಗಿದ್ದು. ನಾನೇ ಕಲೀತೀನಿ. 'ಕಲೀತೀನಿ' ಅಂತ ಕೈಯಲ್ಲಿ ಎಂಗೆ ಏಳೋದು, ತೋರ್ಸು."

ತೋರಿಸಿದೆ. ಎರಡು ಸಲ ತಪ್ಪು ಮಾಡಿ, ಮೂರನೆಯ ಸಲ ಅಕ್ಕನ ಕಡೆ ತಿರುಗಿ ಸರಿಯಾಗಿ ಹೇಳಿದರು. ನನಗೆ ಅಳುವೇ ಬಂದುಬಿಟ್ಟಿತು. ಅಕ್ಕ ಒಪ್ಪಿದಳು.

ಈಗ ಮದುವೆಯಾಗಿ ಮೂರು ವರ್ಷ. ಅಕ್ಕನ ಗಂಡ ಸಂಜೆ ಮನೆಗೆ ಬಂದವನೇ ತನ್ನಮ್ಮನ ಮುಂದೆ ಕೂತು ದಿನದ ಸುದ್ದಿಯೆಲ್ಲ ಹೇಳುತ್ತಾನೆ. ಮೊನ್ನೆ ನಾನು ಹೋದಾಗ ಸಾರಿಗೆ ಹುಳಿ ಜಾಸ್ತಿಯಾಯಿತೆಂದು ಅತ್ತೆ ಸೊಸೆಗೆ ಜಗಳ. ಅತ್ತೆ ಸೌಟು ಕೆಳಗಿಟ್ಟು ಎರಡೂ ಕೈಯಲ್ಲಿ ಬೈಯುತ್ತಿದ್ದರು, ಅಕ್ಕ ಒಂದಕ್ಕೆರಡು ಕೊಡುತ್ತಿದ್ದಳು. ಬಿಡಿಸಲು ಹೋದ ನನ್ನನ್ನು ಇಬ್ಬರೂ ಸೇರಿ ಅಡುಗೆಮನೆಯಿಂದ ಆಚೆ ಅಟ್ಟಿದರು.