ಬೆಲ್ಲದಾಗ ಕಲಸ್ಯಾರ, ತಗೋ

ನಮ್ಮದು ತೇರದಾಳದ ಕಡೆಯ ಜೈನರ ಮನೆ, ರಬಕವಿಯಲ್ಲಿ ಸೀರೆ ಅಂಗಡಿ. ಮದ್ಯ, ಮಾಂಸ, ಜೇನು ಮೂರನ್ನೂ ಮುಟ್ಟುವವರಲ್ಲ. ಹೋದ ವರ್ಷ ನನ್ನ ಅಕ್ಕನ ಹೊಟ್ಟೆಯ ಸ್ಕ್ಯಾನಿಂಗ್ ನೋಡಿದ ಡಾಕ್ಟರು, 'ಲಿವರಿಗೆ ಕೊಬ್ಬು ಕೂತೈತಿ, ಸಿಕ್ಕಸಿಕ್ಕ ಔಷಧ ತಗೋಬ್ಯಾಡ್ರಿ' ಎಂದಾಗ ನಾನು ನಕ್ಕಿದ್ದೆ. ಕುಡಿಯದವರ ಲಿವರಿಗೆ ಏನಾದೀತು? ಎಲ್ಲ ಬಲ್ಲವನಂತೆ ಮಾತಾಡುವುದು ನನ್ನ ಹಳೇ ಚಾಳಿ.

ಅಕ್ಕನಿಗೆ ಮೊಣಕಾಲು ನೋವು. ಬಸದಿಯ ಮೆಟ್ಟಿಲು ಹತ್ತಲಾರದೆ ಕೆಳಗೇ ನಿಂತು ಕೈಮುಗಿಯುತ್ತಿದ್ದಳು. ಮುಧೋಳದ ಸಂತೆಯಲ್ಲಿ ಗಿಡಮೂಲಿಕೆ ಮಾರುವವನ ಹತ್ತಿರ ನಾನೇ ಒಂದು ಡಬ್ಬಿ ಲೇಹ್ಯ ಕೊಂಡೆ. ಜೇನಿನಲ್ಲಿ ಕಲಸಿದ್ದು ಎಂದು ಅವನು ಹೇಳಿಯೇ ಕೊಟ್ಟಿದ್ದ. ನಾನು ಅಕ್ಕನಿಗೆ, 'ಬೆಲ್ಲದಾಗ ಕಲಸ್ಯಾರ, ತಗೋ' ಎಂದೆ. ಅವಳ ಒಳ್ಳೆಯದಕ್ಕೇ ಹೇಳಿದ ಸುಳ್ಳು ಎಂಬ ಸಮಾಧಾನ ಬೇರೆ.

ಎರಡು ತಿಂಗಳಲ್ಲಿ ಅವಳ ಕಣ್ಣು ಹಳದಿಯಾದವು. ಜಮಖಂಡಿಯಲ್ಲಿ ಆಸ್ಪತ್ರೆಗೆ ಸೇರಿಸಿದೆವು.

'ಮನ್ಯಾಗ ಏನರ ನಾಟಿ ಔಷಧ ಕೊಟ್ಟೀರೇನ್ರಿ?' ಎಂದು ಅಲ್ಲಿಯ ಡಾಕ್ಟರು ಕೇಳಿದರು. ಅಕ್ಕ ನನ್ನ ಮುಖ ನೋಡಿದಳು.

'ಏನೂ ಇಲ್ರಿ' ಎಂದುಬಿಟ್ಟೆ. ಹೌದೆಂದರೆ ಅದರಲ್ಲಿ ಏನೇನಿತ್ತು ಎಂದು ಕೇಳುತ್ತಾರೆ, ಅಕ್ಕನ ಎದುರೇ ಜೇನಿನ ಮಾತು ಹೊರಬೀಳುತ್ತದೆ. ಅವಳ ಜೀವಕ್ಕಿಂತ ನನ್ನ ಮಾನವೇ ನನಗೆ ದೊಡ್ಡದಾಯಿತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮೂರನೆಯ ದಿನ ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದೆ. ಅಕ್ಕ ದಿಂಬಿನ ಕೆಳಗಿಂದ ಅದೇ ಡಬ್ಬಿ ತೆಗೆದು ಚಮಚ ನೆಕ್ಕುತ್ತಿದ್ದಳು.

'ಇನ್ನೂ ತಿನ್ನಾಕತ್ತೀಯೇನಬೇ?'

'ಡಾಕ್ಟರ್ ಕೇಳಿದ್ರೂ ನೀ ಇದರ ಹೆಸರು ತಗೀಲಿಲ್ಲ. ಇದರಿಂದ ಏನೂ ಆಗೂದಿಲ್ಲ ಅಂತ ತಿಳಕೊಂಡೆ.'

ಡಬ್ಬಿ ಕಸಿದುಕೊಂಡು ಡಾಕ್ಟರ ಕೋಣೆಗೆ ಓಡಿದೆ. ಅವರು ಬೈದದ್ದು ಇಡೀ ವಾರ್ಡಿಗೆ ಕೇಳಿಸಿತು. ಕೊಬ್ಬು ಕೂತ ಲಿವರು ಮೊದಲೇ ಸೋತಿರುತ್ತದೆ, ಅದರ ಮೇಲೆ ಇಂಥದು ಬಿದ್ದರೆ ತಾಳುವುದಿಲ್ಲ ಎಂದರು. ಜೇನಿನ ಮಾತನ್ನು ಅಕ್ಕನ ಮುಂದೆ ಆಗಲೂ ನಾನು ಎತ್ತಲಿಲ್ಲ. ಲೇಹ್ಯ ನಿಂತ ಮೇಲೆ ದಿನದಿನಕ್ಕೆ ಅವಳ ಕಣ್ಣಿನ ಹಳದಿ ಇಳಿಯುತ್ತ ಬಂತು.

ಅವಳು ಮನೆಗೆ ಬಂದ ದಿನ ಪಕ್ಕದಲ್ಲಿ ಕೂತು, ಅದು ಬೆಲ್ಲವಲ್ಲ, ಜೇನು ಎಂದು ಹೇಳಿದೆ. ಬೈಯಲಿ ಎಂದೇ ಕಾಯ್ದೆ. ಅವಳು ಇಷ್ಟೇ ಅಂದಳು:

'ಮೊದಲ ಖರೆ ಹೇಳಿದ್ರ ನಾ ಅದನ್ನ ಬಾಯಾಗ ಇಡತಿದ್ದಿಲ್ಲೋ ತಮ್ಮಾ.'