ಕಪ್ಪು ಹೊಳಪಿನ ಮೇಲೆ ಅವ್ವನ ಕೈ

ಬಣ್ಣದ ಅಂಗಡಿ ಇಟ್ಟುಕೊಂಡವನು ನಾನು. ಚಳ್ಳಕೆರೆಯಲ್ಲಿ ಮನೆ ಕಟ್ಟಿಸುವ ಯಾರು ಬಂದು ಕೇಳಿದರೂ ಒಂದೇ ಮಾತು ಹೇಳುತ್ತಾ ಬಂದಿದ್ದೇನೆ: ನಮ್ಮೂರ ಧೂಳಿಗೆ ಹೊಳಪು ಆಗಿಬರುವುದಿಲ್ಲ, ಮ್ಯಾಟ್ ಹಾಕಿಸಿ, ನೆಮ್ಮದಿಯಾಗಿರಿ. ಊರಿಗೆಲ್ಲ ಬುದ್ಧಿ ಹೇಳಿದವನು ನನ್ನ ಸ್ಪೀಕರಿನ ವಿಷಯಕ್ಕೆ ಬಂದಾಗ ಮಾತ್ರ ಅದನ್ನು ಮರೆತೆ.

ಎಷ್ಟೋ ವರ್ಷದ ಆಸೆ ಅದು. ಎದೆಯೆತ್ತರದ ಒಂದು ಜೊತೆ ಸ್ಪೀಕರು. ಯಾವ ಹೊರಮೈ ಬೇಕೋ ನೋಡಿ ಹೇಳಿ ಎಂದು ಬೆಂಗಳೂರಿನ ಅಂಗಡಿಯವರು ಅಂಗೈ ಅಗಲದ ಮೂರು ತುಂಡು ಕಳಿಸಿದ್ದರು. ಒಂದು ಆಕ್ರೋಟ್ ಮರದ ತೆಳು ಪದರ ಅಂಟಿಸಿ ಎಣ್ಣೆ ಕುಡಿಸಿದ್ದು, ಇನ್ನೊಂದು ಹೊಳಪಿಲ್ಲದ ಬಿಳಿ, ಮತ್ತೊಂದು ಪಿಯಾನೋಗೆ ಹಚ್ಚುವಂಥ ಕಪ್ಪು ಲ್ಯಾಕರ್. ವಾರವೆಲ್ಲ ಅವನ್ನು ಕಿಟಕಿಯ ಹತ್ತಿರ ಒಮ್ಮೆ, ಟ್ಯೂಬ್‌ಲೈಟಿನ ಕೆಳಗೆ ಒಮ್ಮೆ ಇಟ್ಟು ನೋಡಿದೆ. ಕಪ್ಪು ತುಂಡಿನಲ್ಲಿ ನನ್ನ ಮುಖ ಕಾಣುತ್ತಿತ್ತು, ಅದೂ ನಿಜಕ್ಕಿಂತ ಸ್ವಲ್ಪ ಚೆನ್ನಾಗಿ. ಅಲ್ಲಿಗೇ ನಾನು ಸೋತೆ.

ಅವ್ವ ಮೂರನ್ನೂ ಬೆರಳಿನಿಂದ ಸವರಿ ಆಕ್ರೋಟ್ ತುಂಡನ್ನು ಕೈಯಲ್ಲೇ ಇಟ್ಟುಕೊಂಡಳು. "ಇದು ಮರ ಅಂತ ಗೊತ್ತಾಗ್ತೈತೆ. ಅದೇನು ಗಾಜೋ ಕಲ್ಲೋ, ಕೈಗೆ ಏನೂ ಹೇಳಲ್ಲ," ಅಂದಳು. ಅವಳ ಕಣ್ಣು ಮಂದವಾಗಿ ನಾಲ್ಕು ವರ್ಷವಾಗಿತ್ತು. ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಬೀಳದ ಹಾಗೆ ನೋಡಿಕೊಳ್ಳಿ ಎಂದಷ್ಟೇ ಡಾಕ್ಟರು ಹೇಳಿದ್ದರು. ಮನೆಯಲ್ಲಿ ಅವಳು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡೇ ನಡೆಯುತ್ತಿದ್ದಳು. ತನ್ನ ಕೋಣೆಯ ಬಾಗಿಲು, ತೇಗದ ಬೀರು, ಗೋಡೆ, ತಲಬಾಗಿಲು, ಆಮೇಲೆ ಹೊರಗಿನ ಕಟ್ಟೆ. ಸಂಜೆ ಅಲ್ಲಿ ಕೂತು ಹೋಗುವವರನ್ನು ದನಿಯಿಂದಲೇ ಗುರುತಿಸಿ ಮಾತಾಡಿಸುವುದು ಅವಳ ದಿನದ ದೊಡ್ಡ ಸಂತೋಷ. ನಾನು ಕಪ್ಪನ್ನೇ ತರಿಸಿದೆ. ಎಡಗಡೆಯ ಸ್ಪೀಕರು ಸರಿಯಾಗಿ ಬೀರುವಿಗೂ ತಲಬಾಗಿಲಿಗೂ ನಡುವೆ ಬಂದು ನಿಂತಿತು. ಅದನ್ನು ಬೇರೆ ಕಡೆ ಇಟ್ಟರೆ ನಾದ ಕೂಡುವುದಿಲ್ಲ ಎಂದು ನಾನು ಹಟ ಹಿಡಿದೆ.

ಸ್ಪೀಕರು ಬಂದ ಮೇಲೆ ಹಾಡು ಕೇಳಿದ್ದು ಕಮ್ಮಿ, ಒರೆಸಿದ್ದೇ ಹೆಚ್ಚು. ಬಿಸಿಲು ಬೀಳಬಾರದೆಂದು ಪರದೆ ಎಳೆದೆ, ಧೂಳು ಬರಬಾರದೆಂದು ಕಿಟಕಿ ಮುಚ್ಚಿದೆ. ಸ್ಪೀಕರಿನ ಜೊತೆ ಬಂದ ಕಾಗದದಲ್ಲಿ ಬರೆದಿದ್ದರು: ಮೊದಲು ಮೆತ್ತನೆ ಬ್ರಶ್ಶಿನಿಂದ ಧೂಳು ಹಾರಿಸಬೇಕು, ಆಮೇಲೆ ನುಣುಪು ಬಟ್ಟೆಯನ್ನು ಒದ್ದೆ ಮಾಡಿ ಒತ್ತದೆ ಒರೆಸಬೇಕು, ಒಣಬಟ್ಟೆಯಿಂದ ಎಂದೂ ಉಜ್ಜಬಾರದು. ಅಂಗಡಿಯಲ್ಲಿ ಕೂತಾಗಲೂ ಮನೆಯಲ್ಲಿ ಯಾರು ಮುಟ್ಟುತ್ತಿದ್ದಾರೋ ಎಂಬುದೇ ಯೋಚನೆ. "ಒಂದಲ್ಲ, ಎರಡು ಸವತೀರನ್ನ ತಂದು ಕೂರ್ಸಿದೀರ. ಮೂಗಿಗಿಂತ ಮೂಗುತಿ ಭಾರ ಆಯ್ತು ನೋಡ್ರಿ," ಎಂದು ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ದಿನಾ ಸಂಜೆ ಎಡಗಡೆಯ ಸ್ಪೀಕರಿನ ಮೇಲೆ ಐದು ಬೆರಳು, ಒಂದು ಅಂಗೈ ಮೂಡಿರುತ್ತಿತ್ತು. ತಲೆಗೆ ಹರಳೆಣ್ಣೆ ಹಚ್ಚುವ ಕೈ ಅದು.

"ಅವ್ವ, ಅದನ್ನ ಹಿಡಿಬ್ಯಾಡ," ಎಂದು ಮೊದಮೊದಲು ಮೆತ್ತಗೆ ಹೇಳಿದೆ. ಆಮೇಲೆ ಮೆತ್ತಗೆ ಹೇಳಲಿಲ್ಲ.

ಆಯುಧಪೂಜೆಯ ದಿನ ಅಂಗಡಿಯ ಬಣ್ಣ ಕಲಸುವ ಮಿಷನ್ನಿಗೆ ಪೂಜೆ ಮುಗಿಸಿ ಮನೆಗೆ ಬಂದೆ. ನಮ್ಮಲ್ಲಿ ಆ ದಿನ ಮನೆಯ ಯಾವ ಯಂತ್ರವನ್ನೂ ಬರಿಹಣೆಯಲ್ಲಿ ಬಿಡುವುದಿಲ್ಲ. ಸ್ಕೂಟರು, ಮಿಕ್ಸಿ, ಹೊಲಿಗೆ ಮಿಷನ್ನು ಎಲ್ಲಕ್ಕೂ ಅವ್ವ ತಡಕಾಡಿಕೊಂಡೇ ಹೋಗಿ ವಿಭೂತಿ ಹಚ್ಚಿದ್ದಳು. ಎರಡು ಸ್ಪೀಕರಿನ ಹಣೆಗೂ ಮೂರು ಬೆರಳಿನ ಪಟ್ಟೆ ಎಳೆದಿದ್ದಳು. ಕಪ್ಪಿನ ಮೇಲೆ ಬೆಳ್ಳಗೆ ಒಣಗಿ ಕೂತಿತ್ತು. ನನಗೆ ಬ್ರಶ್ಶೂ ನೆನಪಾಗಲಿಲ್ಲ, ಒದ್ದೆ ಬಟ್ಟೆಯೂ ನೆನಪಾಗಲಿಲ್ಲ. ಹೆಗಲ ಮೇಲಿದ್ದ ಟವಲು ತೆಗೆದು ಗಸಗಸ ಉಜ್ಜಿಬಿಟ್ಟೆ.

ವಿಭೂತಿ ಹೋಯಿತು. ಬೆಳಕಿಗೆ ಬಗ್ಗಿ ನೋಡಿದರೆ ಹೊಳಪಿನ ಮೇಲೆ ಜೇಡರ ಬಲೆಯಂತೆ ಸಣ್ಣ ಗೀರುಗಳು. ಅವ್ವನ ಬೆರಳು ಏನೂ ಮಾಡಿರಲಿಲ್ಲ. ಗೀಚಿದ್ದು ನನ್ನ ಟವಲು. ಬೂದಿಯನ್ನು ಒಣಗಿದ್ದಾಗ ಉಜ್ಜಿದರೆ ಹಿತ್ತಾಳೆ ಪಾತ್ರೆಯೇ ಸವೆಯುತ್ತದೆ, ಬಣ್ಣದ ಅಂಗಡಿಯವನಿಗೆ ಅದು ಗೊತ್ತಿರಬೇಕಿತ್ತು.

"ಮಾಡಿದ್ದುಣ್ಣೋ ಮಹಾರಾಯ," ಅಂದಳು ಹೆಂಡತಿ. ಹಿಂದೆ ತನ್ನ ಕೋಣೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಕಣ್ಣು ಕಾಣದಿದ್ದರೂ ಟವಲಿನ ಸದ್ದು ಕೇಳಿಸಿತ್ತು. "ಅಳಿಸಿದೇನಪ್ಪಾ? ಸಂಜಿ ತನಕನಾರ ಇರ್ಬೇಕಿತ್ತು," ಎಂದಷ್ಟೇ ಹೇಳಿ ಒಳಗೆ ಹೋದಳು.

ಮಾರನೆಯ ದಿನದಿಂದ ಸ್ಪೀಕರಿನ ಮೇಲೆ ಬೆರಳ ಗುರುತು ಮೂಡಲಿಲ್ಲ. ಮೂರ್ನಾಲ್ಕು ದಿನ ನನಗೆ ಅದು ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ. ಆಮೇಲೊಂದು ಸಂಜೆ ಅವ್ವ ಕಟ್ಟೆಗೆ ಹೊರಟಿದ್ದನ್ನು ನೋಡಿದೆ. ಬೀರು ಹಿಡಿದು ಬಂದವಳು, ಅಲ್ಲಿಂದ ಮುಂದೆ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, ಕಾಲಿನಿಂದ ನೆಲ ಹುಡುಕುತ್ತಾ ಸ್ಪೀಕರಿನ ಪಕ್ಕದಲ್ಲೇ ಹಾದುಹೋದಳು. ಹೊಸ್ತಿಲ ಹತ್ತಿರ ಒಂದು ಸಲ ವಾಲಿದಳು. ಆಗ ಮೊದಲು ನನ್ನ ತಲೆಗೆ ಬಂದದ್ದು, ಇವಳು ಸ್ಪೀಕರಿನ ಮೇಲೆ ಬಿದ್ದರೆ ಏನು ಗತಿ ಎಂದು. ಅವಳು ಬಿದ್ದರೆ ಎನ್ನುವುದು ಬಂದದ್ದು ಅದರ ನಂತರ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಆದರೂ ಹೇಗೆ ಸರಿಮಾಡುವುದೆಂದು ತಿಳಿಯದೆ, ಸ್ಪೀಕರಿಗೆ ರೇಷ್ಮೆಯ ಗವಸು ಹೊದಿಸಿದರೆ ಅವಳು ಹಿಡಿಯಬಹುದು ಎಂದು ಲೆಕ್ಕ ಹಾಕಿದೆ. ಆಗಲೂ ಯೋಚನೆ ಸ್ಪೀಕರಿನದ್ದೇ.

ಗವಸಿಗೆ ಬಟ್ಟೆ ಕೇಳಲು ಮೊಳಕಾಲ್ಮೂರಿಗೆ, ನಮಗೆ ಬಹಳ ವರ್ಷದಿಂದ ಸೀರೆ ಕೊಡುವ ನೇಕಾರರ ಮನೆಗೆ ಹೋದೆ. ಅವ್ವನನ್ನೂ ಕರೆದುಕೊಂಡು ಹೋದೆ. ಅವಳ ತವರು ದೇವಸಮುದ್ರದ ಕಡೆ, ನೇಕಾರರ ಮನೆಮಾತಾದ ತೆಲುಗು ಅವಳಿಗೂ ಚೆನ್ನಾಗಿ ಬರುತ್ತದೆ. ಆ ಮನೆಗೆ ಹೋದರೆ ಮೊದಲೆಲ್ಲ ಸೀರೆಯ ಸೆರಗು, ಅಂಚು, ಮಡಿಕೆ ಎಲ್ಲ ಬಿಚ್ಚಿ ಸವರಿ, ಕಣ್ಣಿದ್ದವರಿಗಿಂತ ಚೆನ್ನಾಗಿ ಆರಿಸುತ್ತಿದ್ದಳು. ಅವತ್ತು ನೇಕಾರರು ಮಗ್ಗದಿಂದ ಎದ್ದು ಬಂದು ಹೊಸ ಸೀರೆಯನ್ನು ಅವಳ ತೊಡೆಯ ಮೇಲೆ ಇಟ್ಟರು. ಅವ್ವ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಮುಟ್ಟಿ ಚೂಡಂಡಿ ಅಮ್ಮಾ," ಎಂದು ಅವರು ಮುಟ್ಟಿ ನೋಡಲು ಹೇಳಿದರು.

"ಚೇತುಲು ಕಡಗಲೇದಯ್ಯಾ," ಅಂದಳು ಅವ್ವ. ಕೈ ತೊಳೆದಿಲ್ಲ ಎಂದು.

ನೇಕಾರರು ನಕ್ಕು ಕನ್ನಡದಲ್ಲೇ ಹೇಳಿದರು: "ನೂಲು ಸುತ್ತೋದ್ರಿಂದ ಮಡಿಕೆ ಹಾಕೋ ತನಕ ಎಷ್ಟು ಕೈ ಮುಟ್ಟಿರ್ತಾವೋ. ನಿಮ್ಮ ಕೈ ಒಂದು ಹೆಚ್ಚಾಗ್ತದಾ ಅಮ್ಮಾ?"

ಆದರೂ ಅವ್ವ ಮುಟ್ಟಲಿಲ್ಲ. ನೀರು ತರಿಸಿ ಕೈ ತೊಳೆದು, ಒರೆಸಿಕೊಂಡು, ಆಮೇಲೆ ಎರಡೇ ಬೆರಳಿನಿಂದ ಅಂಚು ನೋಡಿದಳು. ಗವಸಿನ ಬಟ್ಟೆಯ ಮಾತು ನಾನು ಎತ್ತಲೇ ಇಲ್ಲ.

ಮನೆಗೆ ಬಂದವನೇ ಅವಳ ಕೈ ಹಿಡಿದು ಎಡಗಡೆಯ ಸ್ಪೀಕರಿನ ಮೇಲೆ ಇಟ್ಟೆ. "ಇದನ್ನ ಹಿಡ್ಕಂಡೇ ಹೋಗವ್ವ. ನಂದು ತಪ್ಪಾತು. ಏನೂ ಆಗಲ್ಲ ಅದಕ್ಕೆ," ಅಂದೆ. ಅವಳು "ಹೂಂ" ಅಂದಳು.

ಗೀರುಗಳನ್ನು ಕಾರಿಗೆ ಹಾಕುವ ಪಾಲಿಶ್ ತಂದು ನಾನೇ ಎರಡು ಭಾನುವಾರ ಕೂತು ತೆಗೆದೆ. ಈಗ ಬೆಳಕಿಗೆ ಬಗ್ಗಿ ಹುಡುಕಿದರೂ ಸಿಗುವುದಿಲ್ಲ. ಅವ್ವ ಮತ್ತೆ ಸ್ಪೀಕರನ್ನು ಹಿಡಿದುಕೊಂಡೇ ಕಟ್ಟೆಗೆ ಹೋಗುತ್ತಾಳೆ. ಬಾಗಿಲನ್ನು ಹಾಗೇ ಹಿಡಿಯುತ್ತಾಳೆ, ಬೀರುವನ್ನೂ ಹಾಗೇ ಹಿಡಿಯುತ್ತಾಳೆ. ಸ್ಪೀಕರು ಹತ್ತಿರ ಬಂತೆನ್ನಿಸಿದಾಗ ಮಾತ್ರ ನಿಂತು, ಅಂಗೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, ಆಮೇಲೆ ಮುಟ್ಟುತ್ತಾಳೆ. ಒರೆಸಿಕೊಳ್ಳಬೇಡ ಎಂದು ಎಷ್ಟೋ ಸಲ ಹೇಳಿದ್ದೇನೆ.

"ಇರ್ಲಿ ಬಿಡಪ್ಪಾ," ಅನ್ನುತ್ತಾಳೆ, "ನೀ ಆಸೆಪಟ್ಟು ತಂದಿದ್ದು."